ಆಂಟೆನಾ ಮೇಲಿನ ಮಡಿ ಸೀರೆ

ಟಿ.ವಿ. ಬಂದ ಕಾಲದ ಮಾತು ಬಂದರೆ ನಮ್ಮ ಗೋವಿಂದರಾಜನಗರದವರು ಹೇಳುವುದು ಒಂದೇ ಕಥೆ. ಬೀದಿಗೊಂದೇ ಪೆಟ್ಟಿಗೆ, ಅದರ ಮುಂದೆ ಇಡೀ ಬೀದಿ, ಹೊರಗೆ ಚಪ್ಪಲಿಗಳ ರಾಶಿ, ಯಾರು ಬಂದರೂ ಬಾಗಿಲು ತೆರೆದೇ ಇರುತ್ತಿತ್ತು. ಇದನ್ನು ನಾನು ಒಪ್ಪುವುದಿಲ್ಲ. ಯಾರು ಬಂದರೂ ಎಂದರೆ ಯಾರು? ನಮ್ಮ ಮನೆಯ ಯಾರಾದರೂ ಗೇಟಿನ ಹತ್ತಿರ ಬಂದರೆ ಒಳಗಿನ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಪೆಟ್ಟಿಗೆಯ ಮೇಲೆ ಕಸೂತಿ ಬಟ್ಟೆ ಬೀಳುವುದು ಕಿಟಕಿಯಿಂದಲೇ ಕಾಣುತ್ತಿತ್ತು. ಆಮೇಲೆ ಬಾಗಿಲು ತೆಗೆಯುತ್ತಿದ್ದರು.

ನಮ್ಮಪ್ಪ ಅಂಚೆ ಕಚೇರಿಯಲ್ಲಿ ಟಿ.ವಿ. ಲೈಸೆನ್ಸ್ ಇನ್‌ಸ್ಪೆಕ್ಟರರ ಕೈಕೆಳಗಿನ ಹಂಗಾಮಿ ನೌಕರ. ಆಗ ಮನೆಯಲ್ಲಿ ಟಿ.ವಿ. ಇಟ್ಟುಕೊಳ್ಳಲು ಸರ್ಕಾರದ ಲೈಸೆನ್ಸ್ ಬೇಕಿತ್ತು; ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. ಬಹಳ ಜನ ಹೋಗುತ್ತಿರಲಿಲ್ಲ. ಅಂಥವರನ್ನು ಹುಡುಕುವುದು ಅಪ್ಪನ ಕೆಲಸ. ಕಂಕುಳಲ್ಲಿ ಛತ್ರಿ, ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು. ಮಾಗಡಿ ರಸ್ತೆಯಿಂದ ವಿಜಯನಗರದವರೆಗೆ ತಲೆ ಎತ್ತಿಕೊಂಡೇ ನಡೆಯುತ್ತಿದ್ದರು. ತಾರಸಿಯ ಮೇಲೆ ಆಂಟೆನಾ ಕಂಡರೆ ಮನೆ ನಂಬರು ಬರೆದುಕೊಳ್ಳುವುದು, ಕಚೇರಿಯ ಪಟ್ಟಿಯ ಜೊತೆ ತಾಳೆ ನೋಡುವುದು. ಬಣ್ಣದ ಟಿ.ವಿ. ಬಂದಮೇಲಂತೂ ಮನೆ ಬಿಟ್ಟು ಮನೆಗೆ ಆಂಟೆನಾ ಎದ್ದಿತು. ಅಪ್ಪನಿಗೆ ಅದರಿಂದ ಖುಷಿಯೇ. ಕೆಲಸ ಹೆಚ್ಚಾದರೆ ಕಾಯಂ ಮಾಡಲೇಬೇಕಲ್ಲ ಎಂಬ ಲೆಕ್ಕಾಚಾರ. ಆ ವರ್ಷ ಕಾಯಂ ಆಗುವವರ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಮೇಲಿನ ಸಾಹೇಬರ ಸಹಿಯೊಂದು ಆಗಬೇಕಿತ್ತು, ಅಷ್ಟೆ.

ನಮ್ಮ ಹಿಂದಿನ ಬೀದಿಯಲ್ಲಿ ಮಿಲ್ಲಿನ ಮೇಸ್ತ್ರಿಯೊಬ್ಬರ ಮನೆ. ಅವರು ಹೊಸದಾಗಿ ಟಿ.ವಿ. ತಂದಿದ್ದಾರೆಂಬ ಸುಳಿವು ಸಿಕ್ಕಿ, ಶ್ರಾವಣದ ಒಂದು ಶನಿವಾರ ಬೆಳಿಗ್ಗೆ ಅಪ್ಪ ಅಲ್ಲಿಗೆ ಹೋದರು. ತಾರಸಿಯ ಕೊನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಕೆಳಗಿನಿಂದ ಮೇಸ್ತ್ರಿಯ ಹೆಂಡತಿ ಕೂಗಿದರಂತೆ: “ಅಣ್ಣಾ, ಮಡಿ ಬಟ್ಟೆ ಒಣಗಾಕಿದೀನಿ, ದಮ್ಮಯ್ಯ, ಮುಟ್‌ಬಿಟ್ಟೀರ!”

ಎದುರಿಗೆ ಒಂದು ಕಂಬ. ಅದರ ತುದಿಯಿಂದ ಬುಡದವರೆಗೆ ಇಳಿಬಿಟ್ಟ ಒದ್ದೆ ಸೀರೆ. ಒಳಗೇನಿದೆ ಎಂದು ಅಪ್ಪನಿಗೆ ಅನುಮಾನ ಬಾರದೇ ಇರಲಿಲ್ಲ. ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿದ್ದರೆ ಮುಗಿಯುತ್ತಿತ್ತು. ಎತ್ತಲಿಲ್ಲ. ತಾವು ಮುಟ್ಟಿದರೆ ಆಕೆ ಮತ್ತೆ ಅದನ್ನು ಒಗೆದು ಒಣಗಿಸಬೇಕು, ಅಲ್ಲಿಯವರೆಗೆ ಪೂಜೆಯಿಲ್ಲ, ಪೂಜೆಯಾಗದೆ ಮನೆಯವರಿಗೆ ಊಟವಿಲ್ಲ. ಇಷ್ಟನ್ನೆಲ್ಲ ಮೆಟ್ಟಿಲ ಮೇಲೆಯೇ ನಿಂತು ಯೋಚಿಸಿ, ಇಳಿದು ಬಂದು, ಆ ಮನೆಯ ನಂಬರಿನ ಎದುರಿಗೆ ‘ಆಂಟೆನಾ ಇಲ್ಲ’ ಎಂದು ಬರೆದರು.

ಎರಡು ವಾರದ ಮೇಲೆ ಸಾಹೇಬರೇ ಸಂಜೆ ವಾರ್ತೆಯ ಹೊತ್ತಿಗೆ ಹೇಳದೆ ಕೇಳದೆ ಆ ಮನೆಗೆ ನುಗ್ಗಿದರು. ಸೀರೆ ಇರಲಿಲ್ಲ. ಆಂಟೆನಾ ಇತ್ತು, ಕೆಳಗೆ ಟಿ.ವಿ. ಓಡುತ್ತಿತ್ತು. ಮೇಸ್ತ್ರಿಗೆ ದಂಡ, ಅಪ್ಪನಿಗೆ ಮೆಮೊ: ಮನೆಯವರ ಜೊತೆ ಶಾಮೀಲಾಗಿ ಸುಳ್ಳು ಬರೆದಿದ್ದೀರಿ, ಮೂರು ದಿನದೊಳಗೆ ಉತ್ತರ ಕೊಡಿ.

ನಾನಾಗ ಕಾಲೇಜಿನಿಂದ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದ ಹುಡುಗಿ. ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

“ಇದ್ದದ್ದನ್ನ ಇದ್ದಂಗೇ ಬರಿಯಮ್ಮ,” ಎಂದರು ಅಪ್ಪ. “ಮಡಿ ಸೀರೆ ಇತ್ತು, ಮುಟ್ಲಿಲ್ಲ ಅಂತ.”

“ಅಪ್ಪಾ, ಇದು ಸರ್ಕಾರಿ ಕಾಗದ. ಓದಿ ನಗ್ತಾರೆ.”

“ನಗ್ಲಿ ಬಿಡು.”

“ನಕ್ಕು ಕೆಲ್ಸ ಕೊಡ್ತಾರಾ? ಅನುಮಾನ ಇತ್ತು, ಆದ್ರೂ ಇಲ್ಲ ಅಂತ ಬರೆದೆ ಅಂತ ನೀವೇ ಒಪ್ಕೊಂಡಂಗಾಗತ್ತೆ. ಎದುರು ಪಕ್ಷದೋರ ಕೈಗೆ ನಾವೇ ದೊಣ್ಣೆ ಕೊಡೋದಾ?”

“ಎದುರು ಪಕ್ಷ ಎಲ್ಲಿ ಬಂತಮ್ಮ? ಅವ್ರು ನಮ್ಮ ಸಾಹೇಬ್ರು.”

ಅಡುಗೆಮನೆಯಿಂದ ಅಮ್ಮ: “ಓದಿದೋಳು ಹೇಳ್ತಾಳೆ, ಕೇಳ್ರೀ. ಮಡಿ ಮಡಿ ಅಂತ ಕೂತ್ರೆ ಅನ್ನ ಬೇಯತ್ತಾ?”

‘ತಾರಸಿಯಲ್ಲಿ ಒಣಹಾಕಿದ್ದ ಬಟ್ಟೆಗಳ ನಡುವೆ ಆಂಟೆನಾ ನನ್ನ ಕಣ್ಣಿಗೆ ಬೀಳಲಿಲ್ಲ’ ಎಂದು ಬರೆದೆ. ಬೀಳದಿದ್ದುದನ್ನು ಯಾರೂ ಸಾಬೀತು ಮಾಡಲಾರರು, ಅಲ್ಲಗಳೆಯಲೂ ಆರರು ಎಂಬುದು ನನ್ನ ಜಾಣತನ. ಅಪ್ಪ ಎರಡು ಸಲ ಓದಿದರು. “ಕಣ್ಣಿಗೆ ಬೀಳ್ಲಿಲ್ಲ ಅಂತ ಬರೆದಿದೀಯ,” ಎಂದರು. ಹೂಂ ಎಂದೆ. ಸಹಿ ಹಾಕಿದರು.

ಶಾಮೀಲಿನ ಆರೋಪ ಬಿದ್ದುಹೋಯಿತು. ಆ ವಾದ ನಾನು ಗೆದ್ದೆ. ಆದರೆ ಸಾಹೇಬರು ಕಾಗದದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ಎದುರಿಗಿರುವ ಆಂಟೆನಾ ಕಾಣದವರು ಈ ಕೆಲಸಕ್ಕೆ ಯೋಗ್ಯರಲ್ಲ. ಕಾಯಂ ಪಟ್ಟಿಯಿಂದ ಅಪ್ಪನ ಹೆಸರು ಹೋಯಿತು. ಕಚೇರಿಯ ಮೂಲೆಯಲ್ಲಿ ಚೀಲಗಳಿಗೆ ಅರಗು ಹಚ್ಚುತ್ತ ಕೂತರು.

ಕೆಲವೇ ತಿಂಗಳಲ್ಲಿ ಸರ್ಕಾರ ಲೈಸೆನ್ಸನ್ನೇ ತೆಗೆದುಹಾಕಿತು. ಪೆಟ್ಟಿಗೆ ಕಾರ್ಖಾನೆಯಿಂದ ಹೊರಡುವಾಗಲೇ ತೆರಿಗೆ ಹಿಡಿದುಬಿಟ್ಟರೆ ಮನೆಮನೆ ಅಲೆಯುವ ರಗಳೆಯಿಲ್ಲ. ಬರೀ ವಾದವಾಗಿ ನೋಡಿದರೆ ಇದರಲ್ಲಿ ನನಗೆ ಹತ್ತು ವರ್ಷದ ಮೇಲೆ ಇವತ್ತಿಗೂ ತಪ್ಪು ಕಾಣುವುದಿಲ್ಲ, ಅದೇ ಸಂಕಟ. ಕಾಯಂ ಇದ್ದವರನ್ನು ಬೇರೆ ಕೌಂಟರುಗಳಿಗೆ ಹಾಕಿದರು. ಹಂಗಾಮಿಗಳಿಗೆ ಬರಬೇಡಿ ಎಂದರು.

ಆ ವಾರವೇ ಮೇಸ್ತ್ರಿಯ ಹೆಂಡತಿ ಒಂದು ಬಟ್ಟಲು ಕೇಸರಿಬಾತು ಹಿಡಿದು ನಗುತ್ತ ಬಂದರು. “ಇನ್ಮೇಲೆ ಹೆದ್ರಿಕೆ ಇಲ್ವಲ್ಲೇ, ಭಾನುವಾರ ಸಿನಿಮಾಗೆ ಎಲ್ಲಾರೂ ಬನ್ನಿ.” ಆ ಸೀರೆಯ ಮಾತು ಎತ್ತಿದೆ. “ಅಯ್ಯೋ, ಯಾವ ಮಡೀನೇ! ಹಳೇ ಸೀರೆ, ಒಂದು ಬಿಂದಿಗೆ ನೀರು ಸುರಿದಿದ್ದು. ನಿಮ್ಮಪ್ಪ ಮುಟ್ಟಲ್ಲ ಅಂತ ಗೊತ್ತಿತ್ತಲ್ಲ, ದೇವ್ರಂಥ ಮನುಷ್ಯ.” ಅಪ್ಪ ಒಳಗೇ ಇದ್ದರು. ಕೇಳಿಸಿರಬೇಕು.

ಅಪ್ಪನ ಹಳೆಯ ಇನ್‌ಸ್ಪೆಕ್ಟರು ಒಮ್ಮೆ ಬಸ್‌ಸ್ಟಾಪಿನಲ್ಲಿ ಸಿಕ್ಕಿ, “ಸಾಹೇಬ್ರೂ ಶನಿವಾರ ಮಡೀಲೇ ಇರೋರಮ್ಮ, ನಿಜ ಬರೆದಿದ್ರೆ ಬಿಟ್‌ಬಿಡೋರೇನೋ,” ಎಂದರು. ಬಿಡುತ್ತಿದ್ದರೆಂದು ನಾನು ನಂಬಲಾರೆ, ಇಲ್ಲವೆಂದು ಹೇಳಲೂ ಆರೆ. ಬಿಟ್ಟಿದ್ದರೆ ಅಪ್ಪ ಈಗ ಯಾವುದೋ ಕೌಂಟರಿನ ಹಿಂದೆ ಇರುತ್ತಿದ್ದರು. ಈಗ ಬಾಪೂಜಿ ನಗರದ ಒಂದು ಗೋದಾಮಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಾರೆ. ಮಧ್ಯಾಹ್ನ ಊಟದ ಡಬ್ಬಿ ಕೊಡಲು ನಾನು ಹೋಗುತ್ತೇನೆ. ಅವರು ಕೈ ತೊಳೆದು ಬರುವವರೆಗೆ ಕಾಯುತ್ತೇನೆ, ಅನ್ನ ಕಲಸುವುದನ್ನು ನೋಡುತ್ತೇನೆ. ಮೊನ್ನೆ ತಡೆಯಲಾಗಲಿಲ್ಲ.

“ಅಪ್ಪಾ, ಯಾರ್ದೋ ಮನೆ ಪೂಜೆ ಕೆಡಬಾರ್ದು ಅಂತ ಒಂದು ಸೀರೆ ಅಂಚು ಎತ್ತದೆ ಇದ್ದೋರು, ನಾನು ಬರೆದ ಆ ಸುಳ್ಳಿಗೆ ಯಾಕೆ ಸಹಿ ಹಾಕಿದ್ರಿ?”