ತೊಳೆಯದೆ ಹೊಲಿದುಕೊಡುವ ವೆರ್ನಾ

ಡಿಸೆಂಬರ್‌ ಬೆಳಗಿನ ಆರು ಗಂಟೆ. ಸರೋವರದ ದಡದ ಊರು ಡುಲೂತ್‌ನ ಗಾಳಿಗೆ ಅಂಗಡಿಯ ಬಾಗಿಲು ಹಿಮ ಕಚ್ಚಿ ಕೂತಿದೆ. ವೆರ್ನಾ ಕಿವೆಲಾ ಭುಜ ಕೊಟ್ಟು ನೂಕಿ ಒಳಗೆ ಬರುತ್ತಾರೆ. ಕೋಟು ಬಿಚ್ಚುವ ಮೊದಲೇ ಹೊಲಿಗೆ ಯಂತ್ರದ ದೀಪ ಹಾಕುತ್ತಾರೆ. ಮೇಜಿನ ಮೇಲೆ ಕತ್ತಿಲ್ಲದ ಬಾತುಕೋಳಿ, ಹೊಟ್ಟೆ ಬಗೆದ ಕರಡಿ, ಒಂಟಿ ಕಿವಿಯ ಆನೆ. ಎಲ್ಲವೂ ಬಟ್ಟೆಯವು, ಎಲ್ಲವೂ ನಾಯಿಗಳ ಬಾಯಲ್ಲಿ ಪಳಗಿ ರಿಪೇರಿಗೆ ಬಂದವು. ಕ್ರಿಸ್‌ಮಸ್‌ ದಿನ ಮಕ್ಕಳ ಉಡುಗೊರೆಗಳ ಪಕ್ಕದಲ್ಲಿ ಇವೂ ಬಣ್ಣದ ಕಾಗದ ಸುತ್ತಿಕೊಂಡು ಮರದ ಕೆಳಗೆ ಇರಬೇಕು.

ಅರವತ್ಮೂರರ ವೆರ್ನಾ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಎರಡು ಸಲ ಸೀನುತ್ತಾರೆ. "ನಾಯಿ ಕೂದಲು ನಂಗೆ ಆಗಿಬರಲ್ಲ. ಹಬ್ಬ ಮುಗಿಯೋತನಕ ಹೀಗೇ."

ಇಪ್ಪತ್ತೆರಡು ವರ್ಷ ಅವರು ಡೇರೆ ಬಟ್ಟೆಯ ಚೀಲ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಈ ಕೋಣೆ ಹಿಡಿದು ಜಾಕೆಟ್‌ಗಳ ಜಿಪ್ ಸರಿಮಾಡತೊಡಗಿದರು. ಬೆರಳ ಗಂಟುಗಳು ಊದಿವೆ. ದಪ್ಪ ಬಟ್ಟೆಗೆ ಸೂಜಿ ಚುಚ್ಚಲು ಈಗ ಇಕ್ಕಳ ಬೇಕು. ಆದರೂ ಡಿಸೆಂಬರ್‌ನಲ್ಲಿ ದಿನಕ್ಕೆ ನಾಲ್ಕು ಆಟಿಕೆ. ವಾಸನೆ ಬೆರೆಯಬಾರದೆಂದು ಒಂದೊಂದಕ್ಕೂ ಬೇರೆ ಕಾಗದದ ಚೀಲ, ಮೇಲೆ ನಾಯಿಯ ಹೆಸರು.

ಶಾಲಾ ಬಸ್ ಓಡಿಸುವ ಮಾರ್ಜರಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ತನ್ನ ನಾಯಿಯ ಕರಡಿಯನ್ನು ನೋಡಲು ಬರುತ್ತಾಳೆ. "ಒಂದ್ಸಲ ಸೋಪಲ್ಲಿ ಅದ್ದಿ ತೆಗಿಯೇ ವೆರ್ನಾ, ಗಬ್ಬು ನಾರ್ತಿದೆ!"

"ಗಬ್ಬು ನಿಂಗೆ ಕಣೇ. ನಿನ್ನ ನಾಯಿಗೆ ಅದೇ ಅತ್ತರು. ತೊಳೆಯೋದಾದ್ರೆ ಬೇರೆ ಅಂಗಡಿ ನೋಡ್ಕೊ."

ಈ ಹಟಕ್ಕೆ ಕಾರಣವಿದೆ. ಹನ್ನೊಂದು ವರ್ಷದ ಹಿಂದೆ, ಅದಿರು ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತರಾದ ಓರ್ವಿಲ್ ಲುಂಡೀನ್ ಹರಿದ ಮೊಲವೊಂದನ್ನು ತಂದರು. ಹೊಸ ಆಟಿಕೆ ಏನು ಕೊಟ್ಟರೂ ಅವರ ನಾಯಿ ಟಿಲ್ಲಿ ಮೂಸಿ ಮುಖ ತಿರುಗಿಸುತ್ತಿತ್ತು. ಹಬ್ಬಕ್ಕೆ ಇದನ್ನೇ ಸರಿಮಾಡಿ ಕೊಡೋಣವೆಂದು ಅವರ ಆಸೆ. ವೆರ್ನಾ ಹೊಲಿದರು. ಹಬ್ಬದ ಉಡುಗೊರೆಯಲ್ಲವೇ ಎಂದು ಬಿಸಿನೀರಲ್ಲಿ ಒಗೆದೂ ಕೊಟ್ಟರು.

ಹಬ್ಬದ ಮಾರನೆಯ ದಿನ ಓರ್ವಿಲ್ ಮೊಲವನ್ನು ಮೇಜಿನ ಮೇಲೆ ಎಸೆದರು. "ಯಾರು ತೊಳಿ ಅಂದ್ರು ನಿಂಗೆ? ಅದು ಮುಟ್ತಾನೂ ಇಲ್ಲ. ಅಡೆಲ್ ಹೊಲಿದಿದ್ದಮ್ಮಾ ಇದು. ಅವಳು ಹೋಗಿ ಮೂರು ತಿಂಗಳಾಗಿಲ್ಲ."

ಅಡೆಲ್ ಅವರ ಹೆಂಡತಿ. ವೆರ್ನಾ ಕೇಳಿದ್ದು ಒಂದೇ: "ಅವರದು ಒಗೆಯದ ಬಟ್ಟೆ ಏನಾದ್ರೂ ಇದ್ಯಾ?"

ಇತ್ತು. ತೋಟದ ಕೆಲಸಕ್ಕೆ ಕಟ್ಟಿಕೊಳ್ಳುತ್ತಿದ್ದ ಏಪ್ರನ್. ಶೆಡ್ಡಿನ ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು. ಓರ್ವಿಲ್ ಅದನ್ನು ತಂದರು, ಆದರೆ ಕೈಯಿಂದ ಬಿಡಲಿಲ್ಲ. "ಇದೊಂದೇ ನಾನು ಒಗೆಯದೆ ಇಟ್ಕೊಂಡಿರೋದು," ಎಂದರು.

"ಅರ್ಧ ಸಾಕು," ಎಂದರು ವೆರ್ನಾ. "ಉಳಿದರ್ಧ ನಿಮ್ದು."

ಓರ್ವಿಲ್ ತಾವೇ ಕತ್ತರಿ ಹಾಕಿದರು. ವೆರ್ನಾ ಆ ಬಟ್ಟೆಯನ್ನು ಚಿಂದಿ ಮಾಡಿ ಮೊಲದೊಳಗೆ ತುಂಬಿ, ಮತ್ತೆ ಬಣ್ಣದ ಕಾಗದ ಸುತ್ತಿ ಕೊಟ್ಟರು.

"ಹೊಸ ವರ್ಷದ ದಿನ ಓರ್ವಿಲ್ ಫೋನ್ ಮಾಡಿದ್ರು. 'ಕಚ್ಕೊಂಡು ಕುರ್ಚಿ ಹತ್ರ ಹೋಗಿ ಮಲಗ್ತು' ಅಂದ್ರು. ಅಷ್ಟೇ. ಯಾವ ಕುರ್ಚಿ ಅಂತ ನಾನು ಕೇಳ್ಲಿಲ್ಲ," ಎಂದು ವೆರ್ನಾ ನೆನೆಯುತ್ತಾರೆ.

ಅದರ ಮುಂದಿನ ಡಿಸೆಂಬರ್‌ಗೆ ಓರ್ವಿಲ್‌ರ ಮಾತು ಕೇಳಿ ಒಂಬತ್ತು ಮಂದಿ ಬಂದರು. ಈ ವರ್ಷ ಇವತ್ತಿಗೆ ನಲವತ್ತಮೂರು ಚೀಲಗಳು. ಮಾರ್ಜರಿ ಹೋದ ಮೇಲೆ ವೆರ್ನಾ ಕರಡಿಯ ಹೊಟ್ಟೆ ಮುಚ್ಚುತ್ತಾರೆ. ಹಳೇ ದಾರದ ಬಣ್ಣವೇ ಸಿಗುವವರೆಗೆ ಡಬ್ಬಿ ಕೆದಕುತ್ತಾರೆ.

"ಜನ ಜಾಕೆಟ್ ಕೊಟ್ರೆ ಹೊಲಿಗೆ ಚೆನ್ನಾಗಿದೆ ಅಂತಾರೆ, ಖುಷಿಯಾಗುತ್ತೆ," ಎನ್ನುತ್ತಾರೆ ಹಲ್ಲಿನಿಂದ ದಾರ ಕತ್ತರಿಸುತ್ತ. "ಇದು ಹಾಗಲ್ಲ. ನಡುವೆ ನನ್ನ ಕೈ ಆಡಿದ್ದು ನಾಯಿಗೆ ಗೊತ್ತೇ ಆಗ್ಬಾರ್ದು. ಗೊತ್ತಾಗ್ಲಿಲ್ವಾ, ನಾನು ಗೆದ್ದೆ."