ಎದೆ ತಡವಿಕೊಳ್ಳುವ ಚಾಳಿ

ಮನೆಯಿಂದ ಹೊರಡುವ ಮುನ್ನ ಲೋಕದ ಜನರೆಲ್ಲ ಜೇಬು ತಡವಿಕೊಂಡರೆ ನಾನು ಎದೆ ತಡವಿಕೊಳ್ಳುತ್ತೇನೆ. ಶೀತಕ್ಕೆ ಔಷಧಿ ಕೇಳಲು ಹೋದಾಗ ಈ ಚಾಳಿಯನ್ನು ಕಂಡ ಡಾಕ್ಟರೊಬ್ಬರು ಹೃದಯದ ವಿಚಾರವಾಗಿ ಇಲ್ಲದ ಪ್ರಶ್ನೆಗಳನ್ನೆಲ್ಲ ಕೇಳಿ ಗಾಬರಿಪಡಿಸಿದರು. ಹೃದಯ ಸುಸ್ಥಿತಿಯಲ್ಲಿದೆ ಸ್ವಾಮಿ, ನಾನು ನೋಡಿಕೊಳ್ಳುವುದು ಕೊರಳ ಲಿಂಗ ಇದೆಯೋ ಇಲ್ಲವೋ ಎಂದು, ಅಂದೆ. ಅವರು ನಕ್ಕರು. ನಗಲಿ ಬಿಡಿ, ಹದಿನಾಲ್ಕರ ಪ್ರಾಯದಲ್ಲಿ ಒಂದಿಡೀ ಭಾನುವಾರ ಹೆದರಿ ಹೆದರಿ ಸತ್ತವನು ನಾನೇ ಹೊರತು ಅವರಲ್ಲ.

ವಿದೇಶ ವ್ಯಾಸಂಗ ಮುಗಿಸಿ ಬಂದವರು ಹಡಗು, ಹಿಮ, ಉಲ್ಲನ್ ಕೋಟು ಎಂದು ವರ್ಣಿಸತೊಡಗಿದರೆ ನಾನೂ ಸುಮ್ಮನಿರುವ ಪೈಕಿಯಲ್ಲ. ಐವತ್ತರ ದಶಕದಲ್ಲಿ ನಮ್ಮ ಭೀಮನಬೀಡಿನವರಿಗೆ ಗುಂಡ್ಲುಪೇಟೆಯೇ ಮಹಾಪಟ್ಟಣ. ತೆರಕಣಾಂಬಿ ದಾಟಿದ ಮೇಲೆ ಕಾಣುವುದೆಲ್ಲ ಪರದೇಶ. ಅಂಥ ಪರದೇಶವಾದ ಚಾಮರಾಜನಗರಕ್ಕೆ ಹೈಸ್ಕೂಲು ಓದಲು ಹೊರಟ ನನ್ನನ್ನು ಬಸ್ಸಿನಿಂದ ಇಳಿಸಿ ಅಪ್ಪ ಆಡಿದ್ದು ಒಂದೇ ಮಾತು: "ಓದ್ಕೊ. ಆದ್ರೆ ಏನಾರ ಎಡವಟ್ಟು ಮಾಡ್ದೆ ಅಂತ ಕಿವಿಗ್ ಬಿತ್ತೋ, ಅವತ್ತೇ ಬಸ್ ಅತ್ತಿಸ್ಕೊಂಡು ಓಯ್ತಿನಿ ಕಣ್ಲಾ." ಮೊದಮೊದಲು, ಅಪ್ಪ ಇವತ್ತೇ ಬಂದು ಕರೆದೊಯ್ಯಬಾರದೇ ಎಂದು ನಾನೇ ಹಂಬಲಿಸುತ್ತಿದ್ದೆ. ರೈಲು ಕೂಗಿದರೆ ಭಯ, ಮೇಷ್ಟರು ಕೆಮ್ಮಿದರೆ ಭಯ, ಸಂತೆಯ ಗದ್ದಲವೆಂದರಂತೂ ಜೀವವೇ ಬಾಯಿಗೆ ಬರುತ್ತಿತ್ತು.

ಆದರೆ ನನ್ನನ್ನು ಇರಿಸಿಕೊಂಡಿದ್ದ ಗೌರಮ್ಮ ಎಂಬ ಉಡಿಗಾಲದ ಕಡೆಯ ವಿಧವೆ ಹುರುಳಿ ಸಾರಿನಲ್ಲಿ ಮುದ್ದೆ ಅದ್ದಿಕೊಟ್ಟು ಕೊಟ್ಟು ನನ್ನ ವೈರಾಗ್ಯವನ್ನು ಕರಗಿಸಿಬಿಟ್ಟಳು. ಹಳಿ ಮುಗಿಯುವ ಜಾಗದಲ್ಲಿ ರೈಲು ಏದುಸಿರು ಬಿಡುತ್ತ ನಿಲ್ಲುವುದನ್ನು ನೋಡದಿದ್ದರೆ ನನಗೆ ಸಂಜೆಯೇ ಆಗುತ್ತಿರಲಿಲ್ಲ. ಶಾಲೆಯ ಬಯಲಿನಂಚಿಗೆ ಹೊಂಗೆಮರದಡಿ ತಿದಿ ಊದುತ್ತ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಗಫೂರ್ ಸಾಬರು, ಕಪ್ಪಿಟ್ಟ ತಪ್ಪಲೆಯ ಒಳಗನ್ನು ಒಂದೇ ಉಜ್ಜಿಗೆ ಬೆಳ್ಳಗಾಗಿಸುವ ಚಮತ್ಕಾರವನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಆರು ತಿಂಗಳಾಗುವಷ್ಟರಲ್ಲಿ ಆ ಊರು ನನಗೆ ಒಗ್ಗಿಹೋಗಿತ್ತು. ಅದರ ಜೊತೆಗೇ ಸೋಮಾರಿತನವೂ ಒಗ್ಗಿತ್ತು.

ಒಂದು ಶನಿವಾರ ಬಯಲಿನಲ್ಲಿ ಕಬಡ್ಡಿ ಆಡಿ ಸುಸ್ತಾಗಿ ಬಂದವನು ಸಂಜೆಯ ಪೂಜೆಗೆ ಚಕ್ಕರ್ ಹೊಡೆದು ಮಲಗಿಬಿಟ್ಟೆ. ಭಾನುವಾರ ಬೆಳಿಗ್ಗೆ ಮಿಂದು, ಮಣೆಯ ಮೇಲೆ ಕೂತು, ಕೊರಳಿಗೆ ಕೈ ಹಾಕಿದರೆ ಎದೆ ಬರಿದು. ದಾರವೂ ಇಲ್ಲ, ತಾತನ ಕಾಲದ ಬೆಳ್ಳಿಯ ಕರಡಿಗೆಯೂ ಇಲ್ಲ, ಅದರೊಳಗಿನ ಲಿಂಗವೂ ಇಲ್ಲ.

ಲಿಂಗ ಕಳೆದುಕೊಂಡವನು ಅದು ಸಿಗುವ ತನಕ ಹನಿ ನೀರನ್ನೂ ಮುಟ್ಟಬಾರದು ಎಂದು ನನ್ನಜ್ಜಿ ಹೇಳುತ್ತಿದ್ದಳು. ಸಿಗದೇ ಹೋದರೆ ಏನಜ್ಜಿ ಎಂದು ಕೇಳಿದರೆ "ಶಿವ ಶಿವಾ" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳೇ ಹೊರತು ಮಾತು ಮುಂದುವರಿಸುತ್ತಿರಲಿಲ್ಲ. ಅವಳು ಅರ್ಧಕ್ಕೆ ಬಿಟ್ಟಿದ್ದ ಆ ವಾಕ್ಯವನ್ನು ನಾನು ಅವತ್ತು ಬೆಳಗಿನಿಂದ ನೂರು ಬಗೆಯಲ್ಲಿ ಪೂರ್ತಿ ಮಾಡಿದೆ. ಎಲ್ಲದರಲ್ಲೂ ಕೊನೆಗೆ ನಾನು ಸಾಯುತ್ತಿದ್ದೆ. ಸಾವಿಗಿಂತ ಹೆಚ್ಚಿನ ಭಯವೊಂದಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ತಿಂಗಳಿಗೊಮ್ಮೆ ರಾಗಿಚೀಲ ಹೊತ್ತು ಬರುವ ಅಪ್ಪ ಅವತ್ತೇ ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದ. ಬಂದರೆ ವಿಷಯ ತಿಳಿಯುತ್ತದೆ. ತಿಳಿದರೆ ನನ್ನ ಓದು ಮುಗಿಯಿತು, ಚಾಮರಾಜನಗರವೂ ಮುಗಿಯಿತು.

ಹೊಟ್ಟೆನೋವೆಂದು ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದೆ. ಗೌರಮ್ಮ ನೀರು ಕೊಟ್ಟಳು. ಅದನ್ನೂ ಸರಿಸಿದಾಗ ಅವಳು ನನ್ನ ಕೊರಳನ್ನು ನೋಡಿದಳು. ಯಾರಿಗೂ ಹೇಳಬೇಡವೆಂದು ಕಾಲು ಹಿಡಿದುಕೊಂಡೆ. ಇಬ್ಬರೂ ಹಿತ್ತಿಲು, ಬಚ್ಚಲು, ಸೌದೆ ಒಟ್ಟಿದ ಮೂಲೆ, ಎಲ್ಲ ಕಡೆ ಕಳ್ಳರ ಹಾಗೆ ಹುಡುಕಿದೆವು. ಬಯಲಿಗೆ ಹೋಗಿ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಏನು ಹುಡುಕುತ್ತಿದ್ದೀಯೆ ಎಂದು ಯಾರಾದರೂ ಕೇಳಿಬಿಟ್ಟರೆ? ಹೊತ್ತು ನೆತ್ತಿಗೇರಿದರೂ ಗೌರಮ್ಮ ತನ್ನ ತಟ್ಟೆಯನ್ನು ಕವುಚಿಯೇ ಇಟ್ಟಿದ್ದಳು. ನೀವಾದರೂ ಉಣ್ಣಿ ಎಂದೆ. "ನೀ ಉಪಾಸ ಕೂತಿರೋವಾಗ ನನ್ ಗಂಟ್ಲಲ್ಲಿ ಎಂಗ್ ಇಳೀತದೆ ಮಗ?" ಅಂದಳು. ನನಗೆ ಅಳು ಬಂತು. ಆಕೆ ನನ್ನ ಬಂಧುವಲ್ಲ, ಬಳಗವಲ್ಲ.

ಬಾಗಿಲಲ್ಲಿ ರಾಗಿಚೀಲ ದೊಪ್ಪನೆ ಬಿತ್ತು. ಅಪ್ಪ ನನ್ನ ಮುಖ ನೋಡಿ "ನಡಿ" ಅಂದ, ಅಷ್ಟೇ. ಇವನಿಗೆ ಹೇಗೆ ತಿಳಿಯಿತೆಂದು ಯೋಚಿಸುವ ಶಕ್ತಿಯೂ ನನ್ನಲ್ಲಿರಲಿಲ್ಲ. ಬಸ್ ನಿಲ್ದಾಣಕ್ಕೇ ಕರೆದೊಯ್ಯುತ್ತಿದ್ದಾನೆಂದುಕೊಂಡು ಹಿಂದೆ ಹಿಂದೆ ನಡೆದೆ. ಅಪ್ಪ ಹೊಂಗೆಮರದ ಹತ್ತಿರ ನಿಂತ.

ಗಫೂರ್ ಸಾಬರ ಒಲೆ ಆರಿತ್ತು. ಅವರ ಮುಂದೆ ಹೊಸದಾಗಿ ಕಲಾಯಿ ಕಂಡ ಒಂದು ತಪ್ಪಲೆ ನೆಲಕ್ಕೆ ಕವುಚಿಕೊಂಡಿತ್ತು. ಎತ್ತಿದರು. ಅದರಡಿಯಲ್ಲಿ, ಹರಿದ ದಾರದ ಸಮೇತ, ನನ್ನ ಕರಡಿಗೆ! ಬೆಳಿಗ್ಗೆ ಬೂದಿ ಚೆಲ್ಲಲು ಬಂದಾಗ ಕಂಡಿತಂತೆ. ಆಗಿನಿಂದ ಆ ದಾರಿಯಲ್ಲಿ ಹೋದ ಶಿವಭಕ್ತರನ್ನೆಲ್ಲ ನಿಲ್ಲಿಸಿ, ನಿಮ್ಮದೇನೋ ನೋಡಿಕೊಳ್ಳಿ ಎಂದು ಕೇಳಿದ್ದರು. ಒಬ್ಬೊಬ್ಬರೂ ಹೌಹಾರಿ ತಂತಮ್ಮ ಎದೆ ಮುಟ್ಟಿ ನೋಡಿಕೊಂಡು, ಪರರ ಲಿಂಗ ಮುಟ್ಟಬಾರದೆಂದು ಕೈಮುಗಿದು ಹೋಗಿದ್ದರು. ಹಾಗೆ ಎದೆ ಮುಟ್ಟಿ ನೋಡಿಕೊಂಡವರಲ್ಲಿ ಬಸ್ಸಿಳಿದು ಬಂದ ಅಪ್ಪನೂ ಒಬ್ಬ. ತನ್ನ ತಂದೆಯ ಕರಡಿಗೆಯ ಗುರುತು ಅವನಿಗೆ ಸಿಗದಿರುತ್ತದೆಯೇ?

"ಊಟಕ್ಕಾದ್ರೂ ಎದ್ದೋಗ್ಬಾರ್ದಾಗಿತ್ತಾ ಸಾಬ್ರೆ?" ಎಂದ ಅಪ್ಪ.

"ನಾಯಿ ಗೀಯಿ ಮೂಸ್ಬುಟ್ರೆ ಏನ್ ಗತಿ ಯಜಮಾನ್ರೆ? ನಾ ಮುಟ್ಟಂಗೂ ಇಲ್ಲ, ಬುಟ್ಟು ಓಗಂಗೂ ಇಲ್ಲ. ಕೂತ್ಕಂಡೆ."

ನಾನು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡೆ. ಅಪ್ಪ ತನ್ನ ಪಂಚೆಯಂಚನ್ನು ಹರಿದು ದಾರ ಹೊಸೆದು ನನ್ನ ಕೊರಳಿಗೆ ಕಟ್ಟಿದ. ಬೈಯಲಿಲ್ಲ, ಹೊಡೆಯಲಿಲ್ಲ. ಸಾಬರಿಗೆ ಕೈಮುಗಿದು ಸೀದಾ ಬಸ್ ನಿಲ್ದಾಣಕ್ಕೆ ನಡೆದ. ಬೈಯದ ಅಪ್ಪನಿಗಿಂತ ಭಯಂಕರವಾದದ್ದು ಲೋಕದಲ್ಲಿ ಇನ್ನೊಂದಿಲ್ಲ, ಓದುಗ ಮಹಾಶಯರೇ, ನಿಮಗೂ ಗೊತ್ತಿರಬೇಕು. ಗುಂಡ್ಲುಪೇಟೆಯ ಬಸ್ಸು ಗುಟುರು ಹಾಕುತ್ತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಪ್ಪ ತಿರುಗಿದ.

"ಬಂದ್ಬುಡ್ತೀಯೇನ್ಲಾ ಊರ್ಗೆ?"

ಎಳೆದುಕೊಂಡು ಹೋಗುವ ಅಪ್ಪ ನನಗೆ ಗೊತ್ತಿದ್ದ. ಕೇಳುವ ಅಪ್ಪ ಗೊತ್ತಿರಲಿಲ್ಲ. ತಟ್ಟೆ ಕವುಚಿಕೊಂಡು ಕೂತಿದ್ದ ಗೌರಮ್ಮನ ನೆನಪಾಯಿತು.

"ಇಲ್ಲ ಕಣಪ್ಪ. ಇಲ್ಲೇ ಇರ್ತೀನಿ" ಎಂದೆ.

ಹುಟ್ಟಿದಾಗಿನಿಂದ ಅಪ್ಪನಿಗೆ ಇಲ್ಲವೆಂದದ್ದು ಅದೇ ಮೊದಲು. ಈಗ ಬಿತ್ತು ಏಟು ಎಂದು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಬೆಳಗಿನಿಂದ ನನ್ನೊಳಗಿದ್ದ ಹೆದರಿಕೆಯೆಲ್ಲ ಅಪ್ಪನ ಮುಖದ ಮೇಲಿತ್ತು. ಏನನ್ನೋ ಕಳೆದುಕೊಂಡದ್ದು ಆಗತಾನೇ ಗೊತ್ತಾದವನ ಹಾಗೆ ಅವನು ನನ್ನನ್ನೇ ನೋಡುತ್ತ ನಿಂತಿದ್ದ. ಕಂಡಕ್ಟರು ಎರಡು ಸಲ ಕೂಗಿದ ಮೇಲೆಯೇ ಬಸ್ಸು ಹತ್ತಿದ.