ಹುಚ್ಚಯ್ಯನವರು ನೋಡಿದ ಇಂಗ್ಲಿಷ್ ಪುಸ್ತಕ

ಹುಣಸೂರಿನಲ್ಲಿ ಅಪ್ಪ ಕಟ್ಟಿದ ನಮ್ಮ ಪ್ರೆಸ್ಸಿನಲ್ಲಿ ಹುಚ್ಚಯ್ಯನವರು ಇಪ್ಪತ್ತೆಂಟು ವರ್ಷ ಅಚ್ಚಿನ ಮೊಳೆ ಜೋಡಿಸಿದವರು. ಕನ್ನಡವನ್ನು ಓದಿ ಜೋಡಿಸುತ್ತಿದ್ದರು, ಇಂಗ್ಲಿಷನ್ನು ಓದಲು ಬಾರದೆಯೇ ಜೋಡಿಸುತ್ತಿದ್ದರು. ಅಕ್ಷರದ ಆಕಾರ ನೋಡಿ ಎತ್ತಿಡುವುದು, ಅಷ್ಟೆ. ತಪ್ಪು ಸಿಕ್ಕಿದ್ದನ್ನು ನಾನು ಕಾಣೆ. ಕಂಪ್ಯೂಟರ್ ತಂದ ಮೇಲೆ ಅವರಿಗೆ ಲಗ್ನಪತ್ರಿಕೆ ಮಡಚುವ ಕೆಲಸ ಕೊಟ್ಟೆ. ದೊಡ್ಡ ಉಪಕಾರ ಮಾಡಿದೆನೆಂದೇ ತಿಳಿದಿದ್ದೆ.

2009ರ ಹೊತ್ತಿಗೆ ಲಗ್ನಪತ್ರಿಕೆಯ ಕೆಲಸವೂ ಕಡಿಮೆಯಾಯಿತು. ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದಾಗ ಮೈಸೂರಿನ ಕಂಪನಿಯೊಂದು ಒಂದು ಇಂಗ್ಲಿಷ್ ಪುಸ್ತಕವನ್ನು ಇ-ಪುಸ್ತಕ ಮಾಡಿಕೊಡಲು ಹೇಳಿತು. ಓದುವ ಯಂತ್ರ ಮೂರು ಕಳಿಸಿದರು. ಒಂದು ಸ್ಲೇಟಿನಷ್ಟು ದೊಡ್ಡದು, ಒಂದು ನಡುವಿನದು, ಇನ್ನೊಂದು ಅಂಗೈಯಗಲದ್ದು. ಪುಟಗಳು ಮೂರರಲ್ಲೂ ಸರಿಯಾಗಿ ಕಾಣಬೇಕು. ಒಪ್ಪಿಗೆಯಾದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ನಾನೂ ಹುಚ್ಚಯ್ಯನವರೂ ಮನೆಗೆ.

ನನ್ನದು ಲಗ್ನಪತ್ರಿಕೆಯ ಕೈ. ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿ ಒತ್ತಿ ಅಂದ ಮಾಡಿದೆ. ದೊಡ್ಡ ಯಂತ್ರದಲ್ಲಿ ಮುತ್ತು ಪೋಣಿಸಿದ ಹಾಗೆ ಕಂಡಿತು. ಉಳಿದೆರಡನ್ನು ಯಾರು ನೋಡುತ್ತಾ ಕೂರುತ್ತಾರೆ? ಕಂಪನಿ ಕೊಟ್ಟಿದ್ದ ಪರೀಕ್ಷೆಯ ಪಟ್ಟಿಯಲ್ಲಿ ಮೂರಕ್ಕೂ ಟಿಕ್ ಹಾಕಿಬಿಟ್ಟೆ.

ಕಳಿಸಬೇಕಾದ ದಿನ ಬೆಳಿಗ್ಗೆ ಹುಚ್ಚಯ್ಯನವರು ಚಿಕ್ಕ ಯಂತ್ರ ಹಿಡಿದು ಗುಂಡಿ ಒತ್ತುತ್ತಿದ್ದರು.

"ಇಡ್ರೀ ಅದನ್ನ! ನಿಮಗೆ ಇಂಗ್ಲಿಷ್ ಬತ್ತದಾ?" ಎಂದು ರೇಗಿದೆ.

"ಓದಕ್ಕೆ ಬರಲ್ಲ ಕಣಪ್ಪ. ಆದ್ರೆ ಒಂದು ಸಾಲು ತುಂಬ್ಕಂಡದೆ, ಮುಂದಿನ ಸಾಲಲ್ಲಿ ಎರಡೇ ಪದ ಅವೆ. ಪೂರ್ತಿ ಇಂಗೇ. ನಿಮ್ಮಪ್ಪಾರು ಇದ್ದಿದ್ರೆ ಆಚೆಗೆ ಬುಡ್ತಿರಲಿಲ್ಲ."

ನೋಡಿದೆ. ನಾನು ಒತ್ತಿದ ಒಂದೊಂದು ಎಂಟರೂ ಚಿಕ್ಕ ಪರದೆಯಲ್ಲಿ ಸಾಲನ್ನು ಅರ್ಧಕ್ಕೇ ಮುರಿದಿತ್ತು. ತಲೆಯೆತ್ತಲಾಗದಷ್ಟು ನಾಚಿಕೆಯಾಯಿತು. ಫೋನ್ ಮಾಡಿ ಎರಡು ದಿನ ಬೇಡಿಕೊಂಡೆ. ಹುಚ್ಚಯ್ಯನವರು ಪುಟಪುಟವೂ ಬೆರಳಿಟ್ಟು ತೋರಿಸಿದರು, ನಾನು ಅಳಿಸಿದೆ. ಮತ್ತೆ ಮೂರು ಯಂತ್ರಗಳಲ್ಲೂ ನೋಡಿದ ಮೇಲೆ, ಪಟ್ಟಿಯಲ್ಲಿ 'ಪರೀಕ್ಷಿಸಿದವರು' ಎಂಬಲ್ಲಿ ಅವರ ಹೆಸರು ಬರೆದು ಕಳಿಸಿದೆ.

ವಾರದ ಮೇಲೆ ಕಂಪನಿಯ ರಮ್ಯಾ ಮೇಡಂ ಫೋನ್ ಮಾಡಿದರು. "ತಡವಾಯ್ತು, ಆದ್ರೆ ಕೆಲಸ ಶುದ್ಧವಾಗಿದೆ. ಈ ಹುಚ್ಚಯ್ಯ ಎಷ್ಟು ಓದಿದ್ದಾರೆ?"

ಸುಳ್ಳು ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ಅವರಿಗೆ ಇಂಗ್ಲಿಷ್ ಬರಲ್ಲ ಮೇಡಂ. ಮೊಳೆ ಜೋಡಿಸ್ತಿದ್ದವರು."

ಕೆಲಸ ಕೈತಪ್ಪಿತೆಂದೇ ಎಣಿಸಿದೆ.

"ಹಾಗಾದ್ರೆ ಮುಂದಿನ ಪುಸ್ತಕಗಳನ್ನೂ ಅವರೇ ನೋಡಲಿ," ಎಂದರು.

ಫೋನಿಟ್ಟು ನನ್ನ ಕುರ್ಚಿಯಿಂದ ಎದ್ದು, ಹುಚ್ಚಯ್ಯನವರಿಗೆ "ಇಲ್ಲಿ ಕೂತ್ಕೊಳ್ಳಿ," ಎಂದೆ.

"ಬುಡಪ್ಪ, ಮೊಳೆ ಜೋಡ್ಸೋರು ಯಾವತ್ತು ಕೂತ್ಕಂಡು ಕೆಲ್ಸ ಮಾಡವ್ರೆ?" ಎನ್ನುತ್ತಾ ಅವರು ಯಂತ್ರ ಹಿಡಿದು ಕಿಟಕಿಯ ಬೆಳಕಿಗೆ ನಿಂತರು. ಹನ್ನೆರಡು ವರ್ಷ ಪತ್ರಿಕೆ ಮಡಚಲು ಅವರನ್ನು ಮೂಲೆಯಲ್ಲಿ ಕೂರಿಸಿದ್ದವನು ನಾನು.